ಸಿಪ್ಪೆ ಹಸಿರಾಗಿದ್ದರೆ ಕಿತ್ತಳೆ ಮಾಗಿಲ್ಲವೆಂದೇ ಅರ್ಥವೇ?

ಪ್ರಶ್ನೆ (ಬೆಂಗಳೂರಿನಿಂದ):
ಕಳೆದ ಡಿಸೆಂಬರ್‌ನಲ್ಲಿ ಮಡಿಕೇರಿಯಿಂದ ಮರಳುವಾಗ ರಸ್ತೆಬದಿಯಲ್ಲಿ ಎರಡು ಕಿಲೋ ಕಿತ್ತಳೆ ಕೊಂಡೆವು. ಸಿಪ್ಪೆ ಅರ್ಧ ಹಸಿರಾಗಿದ್ದುದರಿಂದ ನಮ್ಮ ಅತ್ತೆಯವರು ಅವನ್ನು ಅಕ್ಕಿಡಬ್ಬದಲ್ಲಿ ಹೂತಿಟ್ಟರು. ವಾರ ಕಳೆದ ಮೇಲೆ ಸಿಪ್ಪೆ ಸುಕ್ಕಾಯಿತೇ ಹೊರತು ಸಿಹಿ ಹೆಚ್ಚಲಿಲ್ಲ. ನಾವು ಕೊಂಡದ್ದು ಕಾಯಿಯೇ? ನಿಜವಾದ ಕೊಡಗಿನ ಕಿತ್ತಳೆ ಯಾವ ತಿಂಗಳಲ್ಲಿ ಸಿಗುತ್ತದೆ?

ಉತ್ತರ 1 (ಕಾಫಿ ಬೆಳೆಗಾರ, ಕೊಡಗು):
ನೀವು ಕೊಂಡದ್ದು ಹಣ್ಣೇ ಇರಬೇಕು. ಬಾಳೆ, ಮಾವಿನಂತೆ ಕಿತ್ತಳೆ ಕಿತ್ತ ಮೇಲೆ ಮಾಗುವುದಿಲ್ಲ. ಮರದಲ್ಲಿ ಎಷ್ಟು ಸಿಹಿ ತುಂಬಿತ್ತೋ ಅಷ್ಟೇ. ಸಿಪ್ಪೆಯ ಹಸಿರು ಅಳಿಯಲು ರಾತ್ರಿಯ ಚಳಿ ಬೇಕು. ಆ ಚಳಿ ಸಾಲದ ನಮ್ಮ ಕಡೆ, ಕಾಫಿ ತೋಟದ ನೆರಳಿನಲ್ಲಿ ಬೆಳೆದ ಹಣ್ಣು ಒಳಗೆ ಪೂರ್ತಿ ಮಾಗಿದ್ದರೂ ಹೊರಗೆ ಹಸಿರು ಮಿಶ್ರಿತ ಹಳದಿಯಾಗಿಯೇ ಉಳಿಯುತ್ತದೆ. ನಾಗಪುರದ ಹಣ್ಣಿಗಿಂತ ಇದರ ಸಿಪ್ಪೆ ಬಿಗಿ, ರುಚಿಯಲ್ಲಿ ಹುಳಿಸಿಹಿ. ಚಳಿಗಾಲದ ಫಸಲೇ ಮುಖ್ಯ. ಮಳೆಗಾಲದಲ್ಲಿ ಬರುವ ಹಣ್ಣು ನೀರುನೀರಾಗಿರುತ್ತದೆ, ಅದನ್ನು ನಾನಂತೂ ನೆಂಟರಿಗೆ ಕೊಡುವುದಿಲ್ಲ.

ಉತ್ತರ 2 (ಹಣ್ಣಿನ ಸಗಟು ವ್ಯಾಪಾರಿ):
ಕೆಲವೆಡೆ ಎಥಿಲೀನ್ ಅನಿಲ ತುಂಬಿದ ಕೋಣೆಯಲ್ಲಿಟ್ಟು ಬಣ್ಣ ಬರಿಸುತ್ತಾರೆ, ಅದರಿಂದ ಬದಲಾಗುವುದು ಸಿಪ್ಪೆ ಮಾತ್ರ. ಪೇಟೆಗೆ ಹೆಚ್ಚಾಗಿ ಬರುವುದು ನಾಗಪುರದ ಹಣ್ಣು: ಚಳಿಗಾಲದ ಕೊನೆಗೆ ಹೂಬಿಡುವ ಅಂಬಿಯಾ ಫಸಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಮಳೆಗಾಲದ ಆರಂಭದಲ್ಲಿ ಹೂಬಿಡುವ ಮೃಗ ಫಸಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಇವೆರಡರ ನಡುವೆ ಪಂಜಾಬಿನ ಕಿನ್ನೋ ಬರುತ್ತದೆ. ಅದು ಕ್ಯಾಲಿಫೋರ್ನಿಯಾದಲ್ಲಿ ಎರಡು ತಳಿಗಳನ್ನು ಕೂಡಿಸಿ ಪಡೆದು, 1935ರಲ್ಲಿ ಬಿಡುಗಡೆ ಮಾಡಿದ ತಳಿ. ಹೊಳೆಯುವ ಕೇಸರಿ ಬಣ್ಣ, ಧಾರಾಳ ರಸ, ಆದರೆ ಒಂದೊಂದು ತೊಳೆಯಲ್ಲೂ ಬೀಜ. ಜ್ಯೂಸ್ ಮಾಡುವುದಾದರೆ ಅದನ್ನೇ ಕೊಳ್ಳಿ.

ಪ್ರಶ್ನಿಸಿದವರು:
ಧನ್ಯವಾದ. ಹಾಗಾದರೆ ಕೊಡಗಿನ ಹಣ್ಣು ನಮ್ಮ ಪೇಟೆಯಲ್ಲಿ ಏಕೆ ಅಪರೂಪ?

ಉತ್ತರ 3 (ತೋಟಗಾರಿಕೆ ಪದವೀಧರೆ, ಮೈಸೂರು):
ಗ್ರೀನಿಂಗ್ ರೋಗ ಒಂದು ದೊಡ್ಡ ಕಾರಣ. ಚಿಗುರಿನ ರಸ ಹೀರುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯಾದಿಂದ ಎಲೆ ಹಳದಿಗಟ್ಟಿ, ಹಣ್ಣು ಸೊಟ್ಟಗಾಗಿ, ಕ್ರಮೇಣ ಮರವೇ ಸಾಯುತ್ತದೆ; ಗುಣಪಡಿಸುವ ಮದ್ದಿಲ್ಲದ ಕಾರಣ ರೋಗವಿಲ್ಲದ ಸಸಿ ನೆಡುವುದು, ಕೀಟವನ್ನು ಹತೋಟಿಯಲ್ಲಿಡುವುದು ಇವೇ ಉಪಾಯ. ಊರಿನ ಹೆಸರನ್ನು ಆ ಊರಿನ ಬೆಳೆಗೇ ಮೀಸಲಿಡುವ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಕೊಡಗಿನ ಕಿತ್ತಳೆಯ ಹೆಸರನ್ನು ಕಾಪಾಡಿತು, ಮರಗಳನ್ನಲ್ಲ.

ಅಂದಹಾಗೆ, ಕಿತ್ತಳೆ ಸಿಗದ ದಿನಗಳಲ್ಲಿ ಹೇರಳೆಕಾಯಿಯನ್ನು ಮರೆಯಬೇಡಿ. ಚಿತ್ರಾನ್ನಕ್ಕೆ ಹಿಂಡುವುದಾದರೆ ಒಲೆ ಆರಿಸಿದ ಮೇಲೆಯೇ ಹಿಂಡಿ, ಕುದಿಸಿದರೆ ಕಹಿಯಾಗುತ್ತದೆ.