ಶಹಾಬಾದ್ ಕಲ್ಲಿನ ಚೂರುಗಳಲ್ಲಿ ಬಿಸಿಲನ್ನು ಹಿಡಿದಿಡಬಹುದೇ?

ಚಿತ್ತಾಪುರದ ಅಕ್ಕ: ಮಾಳಿಗೆಯ ಮೇಲೆ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ ಒಣಗಿಸುತ್ತೇನೆ. ನಮ್ಮ ಕಲಬುರಗಿ ಕಡೆ ಬಿಸಿಲಿಗೇನು ಬರವಿಲ್ಲ. ಆದರೆ ಹೊತ್ತು ಮುಳುಗಿದರೆ ಪೆಟ್ಟಿಗೆ ತಣ್ಣಗಾಗುತ್ತದೆ. ಬೆಳಿಗ್ಗೆ ಗಾಜಿನ ಒಳಗೆ ಹನಿ, ತೊಟ್ಟಿನ ಬಳಿ ಬೂಷ್ಟು. ಫರಸಿ ಹಾಸಿದಾಗ ಉಳಿದ ಕಲ್ಲಿನ ಚೂರುಗಳ ರಾಶಿ ಹಿತ್ತಲಲ್ಲಿ ಬಿದ್ದಿದೆ. ತಳಕ್ಕೆ ತುಂಬಿದರೆ ರಾತ್ರಿಗೆ ಕಾವು ಉಳಿದೀತೇ?

ಸೇಡಂ ಮೇಸ್ತ್ರಿ: ಉಳಿಯುತ್ತದೆ ಅಕ್ಕ. ಅದು ಸುಣ್ಣಕಲ್ಲು, ಒಂದು ಕಿಲೋ ಒಂದು ಡಿಗ್ರಿ ಬಿಸಿಯಾಗಲು ಸುಮಾರು 0.9 ಕಿಲೋಜೂಲ್ ಹಿಡಿಯುತ್ತದೆ. 100 ಕಿಲೋ ಕಲ್ಲು 60 ಡಿಗ್ರಿಯಿಂದ 30ಕ್ಕೆ ಇಳಿದರೆ 2,700 ಕಿಲೋಜೂಲ್, ಅಂದರೆ ಮುಕ್ಕಾಲು ಯೂನಿಟ್ ಕರೆಂಟಿನಷ್ಟು. ಚಪ್ಪಟೆಯಾಗಿ ಒಂದರ ಮೇಲೊಂದು ಪೇರಿಸಬೇಡಿ. ನಾನು ಹಾಗೆ ಮಾಡಿ ಕೆಟ್ಟೆ: ಮೇಲಿನ ಕಲ್ಲು ಕೈ ಸುಡುತ್ತಿತ್ತು, ಕೆಳಗಿನದು ತಣ್ಣಗೇ ಇತ್ತು. ಮುಷ್ಟಿ ಗಾತ್ರಕ್ಕೆ ಒಡೆದು, ಗಾಳಿಯಾಡುವಂತೆ ಸುರಿಯಿರಿ. ಮೊದಲು ತೊಳೆದು ಒಣಗಿಸಿ, ಇಲ್ಲವಾದರೆ ಹುಡಿಯೆಲ್ಲ ಮೆಣಸಿನಕಾಯಿಗೆ.

ಬೀದರ್ ವಿದ್ಯಾರ್ಥಿ: ತೂಕಕ್ಕೆ ತೂಕ ನೋಡಿದರೆ ನೀರು ಕಲ್ಲಿನ ನಾಲ್ಕು ಪಟ್ಟಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ. ಹಳೆಯ ಎಣ್ಣೆ ಡಬ್ಬಿಗಳಿಗೆ ಕಪ್ಪು ಬಳಿದು ನೀರು ತುಂಬಿಡಿ.

ಚಿತ್ತಾಪುರದ ಅಕ್ಕ: ಡಬ್ಬಿ ಸೋರಿದರೆ ನನ್ನ ಮೆಣಸಿನಕಾಯಿಯ ಗತಿಯೇನಪ್ಪಾ? ಕಲ್ಲೇ ಇರಲಿ.

ಸೇಡಂ ಮೇಸ್ತ್ರಿ: ಭಾರ ಗೋಡೆಯ ಮೇಲೆ ಬೀಳುವಂತೆ ಇಡಿ, ಮಾಳಿಗೆಯ ನಡುವೆ ಬೇಡ. ಸುತ್ತಲೂ ತೊಗರಿ ಹೊಟ್ಟಿನ ಚೀಲಗಳು, ಸಂಜೆ ಗಾಜಿನ ಮೇಲೊಂದು ಹಳೆಯ ಕೌದಿ. ಮೇಲಿನ ಗಾಳಿಕಿಂಡಿಯನ್ನು ಮಾತ್ರ ಪೂರ್ತಿ ಮುಚ್ಚಬೇಡಿ, ಹಸಿ ಅಲ್ಲಿಂದಲೇ ಹೊರಗೆ ಹೋಗಬೇಕು.