ಸಿಂಗಾಪುರದ ರಾತ್ರಿ ರೇಸ್‌ಗೆ ಬೆಳಗಾವಿಯಿಂದ ಹೋಗೂದು ಹೆಂಗ? ಟ್ರಾವೆಲ್ಸ್ ಅಕ್ಕಾರಿಗೆ ಪ್ರಶ್ನೆ

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ):
ಅಕ್ಕಾರ ನಮಸ್ಕಾರ್ರಿ. ನಾ ಇಲ್ಲೆ ಉದ್ಯಮಬಾಗದಾಗ ಸಿಎನ್‌ಸಿ ಮಷಿನ್ ಮ್ಯಾಲೆ ಕೆಲಸ ಮಾಡ್ತೀನಿ, ಅಪ್ಪಾರು ಫೌಂಡ್ರಿಯೊಳಗ ದುಡದು ಈಗ ರಿಟೈರ್ ಆಗ್ಯಾರ. ಇಬ್ರಿಗೂ ಫಾರ್ಮುಲಾ ಒನ್ ಅಂದ್ರ ಹುಚ್ಚು, ರೇಸ್ ಇದ್ದ ರವಿವಾರ ನಾವು ಯಾರ ಮನಿ ಕಾರ್ಯಕ್ಕೂ ಹೋಗೂದಿಲ್ಲ. ಈ ವರ್ಷ, ಅಂದ್ರ 2026ರ ಅಕ್ಟೋಬರ್ 9, 10, 11ಕ್ಕ ಸಿಂಗಾಪುರದಾಗ ಮರೀನಾ ಬೇ ರೇಸ್ ಐತಲ್ರಿ, ಅದಕ್ಕ ಅಪ್ಪಾರ್ನ ಕರ್ಕೊಂಡ ಹೋಗೂ ವಿಚಾರ ಐತಿ. ಬೆಂಗಳೂರಿಂದ ಫ್ಲೈಟ್ ರೇಟ್ ಸದ್ಯಕ್ಕ ಸೋವಿ ಕಾಣಾಕತ್ತೈತಿ, ಇವತ್ತ ಬುಕ್ ಮಾಡಿಬಿಡ್ಲೇನು? ಅಪ್ಪಾರಿಗೆ 64, ಮೊಣಕಾಲು ನೋವು ಐತಿ. ನನ್ನ ಪಾಸ್‌ಪೋರ್ಟ್ ರೆಡಿ ಐತಿ, ಅವರ್ದು ಇನ್ನೂ ಮಾಡಿಸ್ಬೇಕು. ಎಲ್ಲಿಂದ ಸುರು ಮಾಡ್ಬೇಕು ತಿಳೀವಲ್ದು.

ಉತ್ತರ:
ತಮ್ಮಾ, ಇವತ್ತ ಫ್ಲೈಟ್ ಬುಕ್ ಮಾಡಬ್ಯಾಡ. ಮೊದಲ ಅಪ್ಪಾರ ಪಾಸ್‌ಪೋರ್ಟಿಗೆ ಅರ್ಜಿ ಹಾಕು, ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಅಪಾಯಿಂಟ್‌ಮೆಂಟ್ ಸಿಕ್ರೂ ನಡೀತೈತಿ. ಆಧಾರ್, ಪಾನ್, ಶಾಲಿ ದಾಖಲೆ ಮೂರರಾಗೂ ಹೆಸರು ಒಂದ ನಮೂನಿ ಐತೋ ಇಲ್ಲೋ ಮನ್ಯಾಗ ಕುಂತ ನೋಡು. ನಮ್ಮ ಕಡೆ ಹಿರ್ಯಾರ ಕಾಗದದಾಗ ಒಂದರಾಗ ಅಡ್ಡಹೆಸರು ಇರ್ತೈತಿ, ಇನ್ನೊಂದರಾಗ ಇರೂದಿಲ್ಲ, ತಿಂಗಳಗಟ್ಲೆ ತಡ ಆಗೂದು ಅಲ್ಲೇ.

ಎರಡನೇದು ರೇಸ್ ಟಿಕೆಟ್. ಇದನ್ನ ನಾ ಎಲ್ಲಾರಿಗೂ ಒತ್ತಿ ಹೇಳ್ತೀನಿ. ಮರೀನಾ ಬೇ ಅಂದ್ರ ಊರ ಹೊರಗಿನ ಟ್ರ್ಯಾಕ್ ಅಲ್ಲ, ದಿನಾ ಬಸ್ಸು ಕಾರು ಓಡಾಡೂ ರಸ್ತಾ ಬಂದ್ ಮಾಡಿ ಕಟ್ಟಿದ ಸುಮಾರು 5 ಕಿಲೋಮೀಟರಿನ ಸುತ್ತು, ಪದಾಂಗ್ ಮೈದಾನದ ಬಾಜೂಕ ಹಾದು, 1910ರಾಗ ಕಟ್ಟಿದ ಆಂಡರ್ಸನ್ ಸೇತುವೆ ದಾಟಿ, ನೀರಿನ ದಂಡಿ ಹಿಡಕೊಂಡು ದೊಡ್ಡ ಚಕ್ರ ಇರೂ ಸಿಂಗಾಪುರ ಫ್ಲೈಯರ್ ಕಡೆ ಬರ್ತೈತಿ. ಒಳಗ ನಾಕು ಝೋನ್ ಮಾಡಿರ್ತಾರ. ಝೋನ್ 1ರ ಟಿಕೆಟ್ ಇದ್ದವ್ರು ನಾಕೂ ಝೋನ್ ತಿರುಗಬಹುದು, ಝೋನ್ 4ರ ಟಿಕೆಟ್ ಇದ್ದವ್ರು ಝೋನ್ 4ರಾಗ ಇರ್ಬೇಕು. ನಿನ್ನ ಸೀಟ್ ಯಾವ ಝೋನಿನಾಗ ಬರ್ತೈತಿ ಅನ್ನೂದರ ಮ್ಯಾಲೆ ಗೇಟ್, ಗೇಟಿನ ಮ್ಯಾಲೆ ಮೆಟ್ರೋ ಸ್ಟೇಷನ್, ಸ್ಟೇಷನ್ ಮ್ಯಾಲೆ ಹೋಟೆಲ್. ಮಂದಿ ಇದನ್ನ ಉಲ್ಟಾ ಮಾಡ್ತಾರ, ಫ್ಲೈಟ್ ಸೋವಿ ಸಿಕ್ಕಿತಂತ ಮೊದಲ ಅದು, ಆಮ್ಯಾಲೆ ಎಲ್ಲೋ ದೂರದ ಹೋಟೆಲ್, ಕಡೀಕ ಉಳಿದದ್ದು ಯಾವ್ದೋ ಟಿಕೆಟ್, ಆಮ್ಯಾಲೆ ರಾತ್ರಿ 11ಕ್ಕ ಹಿರ್ಯಾರ್ನ ಕರ್ಕೊಂಡು ಆ ಗದ್ದಲದಾಗ ನಡೀಬೇಕಾಗ್ತೈತಿ. ರೇಸ್ ನಡೆಯೂ ಜಾಗಾದ ಸುತ್ತ ರಸ್ತಾ ಎಲ್ಲಾ ಬಂದ್ ಇರ್ತಾವ, ಟ್ಯಾಕ್ಸಿ ಗೇಟಿನ ತನಕ ಬರೂದಿಲ್ಲ.

ಅಪ್ಪಾರ ಮೊಣಕಾಲು ನೋಡಿದ್ರ ವಾಕ್‌ಅಬೌಟ್ ಟಿಕೆಟ್ ಬ್ಯಾಡ. ಅದು ಕಡಿಮಿ ರೊಕ್ಕಕ್ಕ ಸಿಗ್ತೈತಿ ಖರೆ, ಆದ್ರ ಕುಂದ್ರಾಕ ಸೀಟ್ ಇಲ್ಲ, ಚಲೋ ಜಾಗಾ ಸಿಗಬೇಕಂದ್ರ ತಾಸುಗಟ್ಲೆ ಮೊದಲ ಹೋಗಿ ನಿಂತಿರ್ಬೇಕು. ನನ್ನ ಅಭಿಪ್ರಾಯ ಕೇಳಿದ್ರ ನಿಮಗ ಪದಾಂಗ್ ಗ್ರ್ಯಾಂಡ್‌ಸ್ಟ್ಯಾಂಡ್ ಹೊಂದ್ತೈತಿ. ಸಿಟಿ ಹಾಲ್ ಸ್ಟೇಷನ್ ಸನೇಕ ಐತಿ, ಎದುರಿಗೆ ಹಳೇ ಸುಪ್ರೀಂ ಕೋರ್ಟ್, ಸಿಟಿ ಹಾಲ್ ಕಟ್ಟಡ, ನಡುವ ಕಾರು, ಹಿಂದ ಮೈದಾನದಾಗ ಸಂಗೀತ ಕಾರ್ಯಕ್ರಮದ ಸ್ಟೇಜ್, ಅದೂ ಅದ ಟಿಕೆಟಿನಾಗ ಬರ್ತೈತಿ. ಪಿಟ್, ಅಂದ್ರ ರೇಸಿನ ನಡುವ ಕಾರು ನಿಲ್ಲಿಸೂ ಜಾಗಾದ ಎದುರಿನ ಸ್ಟ್ಯಾಂಡಿನಾಗ ಟೈರ್ ಬದಲಿ ಮಾಡೂದು ಕಣ್ಮುಂದ ಕಾಣ್ತೈತಿ, ಮಷಿನ್ ಕೆಲಸ ಮಾಡೂ ನಿನಗ ಅದರ ಮ್ಯಾಲೆ ಮನಸ್ಸು ಹೋಗೂದು ಸಹಜ, ಆದ್ರ ಅದು ತುಟ್ಟಿ. ಓವರ್‌ಟೇಕ್ ನೋಡಬೇಕಂದ್ರ ರಾಫೆಲ್ಸ್ ಬುಲೆವಾರ್ಡ್ ನೆಟ್ಟಗಿನ ರಸ್ತಾ ಮುಗಿಯೂ 7ನೇ ತಿರುವು ಚಲೋ, ಸ್ಟ್ಯಾಮ್‌ಫೋರ್ಡ್ ಸ್ಟ್ಯಾಂಡ್ ಆ ಕಡೆ ಬರ್ತೈತಿ.

ಎಲ್ಲೇ ಕುಂತ್ರೂ ಒಂದು ಕಾರು ನಿನ್ನ ಮುಂದ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಹಾಯ್ತೈತಿ, ಒಟ್ಟು 62 ಸುತ್ತು. ಉಳಿದ ಹೊತ್ತು ದೊಡ್ಡ ಸ್ಕ್ರೀನ್ ನೋಡಬೇಕು. ಅದಕ್ಕ ಸೀಟ್ ಆರಿಸೂ ಮುಂದ ಎದುರಿಗೆ ಸ್ಕ್ರೀನ್ ಐತೇನಂತ ಮ್ಯಾಪಿನಾಗ ನೋಡ್ಕೋ.

ಹೋಟೆಲ್ ಲಿಟಲ್ ಇಂಡಿಯಾದಾಗ ಹಿಡಿ. ಅಲ್ಲಿಂದ ಸಿಟಿ ಹಾಲ್‌ಗೆ ಒಂದು ಸ್ಟೇಷನ್ ಹೋಗಿ ಧೋಬಿ ಘಾಟ್‌ನಾಗ ಲೈನ್ ಬದಲಿ ಮಾಡಿದ್ರ ಮತ್ತೊಂದ ಸ್ಟೇಷನ್, ಅಷ್ಟ. ಪಿಟ್ ಕಡೆ ಸೀಟ್ ತಗೊಂಡ್ರ ಡೌನ್‌ಟೌನ್ ಲೈನ್ ಹತ್ತಿದ್ರ ಮೂರನೇ ಸ್ಟೇಷನ್ ಪ್ರಾಮೆನಾಡ್, ಲೈನ್ ಬದಲಿ ಮಾಡೂದೂ ಬ್ಯಾಡ. ರೂಮ್ ಫ್ರೀ ಕ್ಯಾನ್ಸಲೇಷನ್ ಇರೂದನ್ನ ತಗೋ, ಯಾಕಂದ್ರ ವೀಸಾ ಆಮ್ಯಾಲೆ ಬರ್ತೈತಿ. ಸಿಂಗಾಪುರ ವೀಸಾಕ್ಕ ಹೋಗೂ ದಿನದ ಹಿಂದಿನ 30 ದಿನದೊಳಗ ಅರ್ಜಿ ಹಾಕ್ತಾರ, ಅಧಿಕೃತ ಏಜೆಂಟರ ಮೂಲಕ, ಸರಕಾರಿ ಫೀ 30 ಸಿಂಗಾಪುರ ಡಾಲರ್, ಫಾರ್ಮ್ 14ಎ, ಬಿಳಿ ಹಿನ್ನೆಲೆ ಫೋಟೋ, ಪಾಸ್‌ಪೋರ್ಟ್ 6 ತಿಂಗಳು ಬಾಕಿ ಇರ್ಬೇಕು. ಹೋಗೂ ಮುಂದ ಮೂರು ದಿನದೊಳಗ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಅದು ಪುಕ್ಕಟೆ, ಅದಕ್ಕ ರೊಕ್ಕ ಕೇಳೂ ವೆಬ್‌ಸೈಟ್ ಕಂಡ್ರ ಅಲ್ಲೇ ಬಂದ್ ಮಾಡು.

ಅದೇ ಸದಸ್ಯ:
ಭಾಳ ಉಪಕಾರ ಆತ್ರಿ ಅಕ್ಕಾರ. ಮೂರು ದಿನದ ಟಿಕೆಟ್ ತಗೋಬೇಕೋ, ರವಿವಾರದ್ದು ಅಷ್ಟ ಸಾಕೋ? ಮತ್ತ ರವಿವಾರ ರಾತ್ರಿನ ಫ್ಲೈಟ್ ಹಿಡದ್ರ ಸೋಮವಾರ ಡ್ಯೂಟಿಗೆ ಬರಬಹುದಲ್ಲ?

ಉತ್ತರ:
ಈ ವರ್ಷ ಸಿಂಗಾಪುರದಾಗ ಮೊದಲ ಸಲ ಸ್ಪ್ರಿಂಟ್ ಐತಿ. ಹಂಗಾಗಿ ಶುಕ್ರವಾರ ಪ್ರಾಕ್ಟೀಸ್ ಒಂದ, ಅದರ ಬೆನ್ನಿಗೆ ಸ್ಪ್ರಿಂಟ್ ಕ್ವಾಲಿಫೈಯಿಂಗ್ (ರೇಸಿನಾಗ ಯಾರು ಎಷ್ಟನೇ ಜಾಗಾದಿಂದ ಸುರು ಮಾಡ್ಬೇಕು ಅನ್ನೂದನ್ನ ತೀರ್ಮಾನಿಸೂ ಓಟ), ಶನಿವಾರ ಸುಮಾರು 100 ಕಿಲೋಮೀಟರಿನ ಸ್ಪ್ರಿಂಟ್ ರೇಸು ಮತ್ತ ಮುಖ್ಯ ಕ್ವಾಲಿಫೈಯಿಂಗ್, ರವಿವಾರ ರೇಸು. ಮೂರೂ ದಿನ ನೋಡುವಂಥಾದ್ದು ಐತಿ, ಕೈಯಾಗ ರೊಕ್ಕ ಇದ್ರ ಮೂರು ದಿನದ್ದ ತಗೋ. ಇಲ್ಲಂದ್ರ ಶನಿವಾರ, ರವಿವಾರ ಎರಡು ತಗೋ, ಆದ್ರ ಶನಿವಾರ ಮಾತ್ರ ಬಿಡಬ್ಯಾಡ. ಅಲ್ಲಿ ಗೋಡೆ ಸನೇಕ, ರಸ್ತಾ ಸಣ್ಣದು, ಹಿಂದ ಉಳಿದವರು ಮುಂದ ಬರೂದು ಭಾಳ ಕಷ್ಟ. 2023ಕ್ಕ ಸೈನ್ಜ್, 2024ಕ್ಕ ನಾರಿಸ್, 2025ಕ್ಕ ರಸೆಲ್, ಮೂವರೂ ಶನಿವಾರ ಪೋಲ್, ಅಂದ್ರ ಎಲ್ಲಾರಕಿಂತ ಮುಂದ ನಿಂತು ಸುರು ಮಾಡೂ ಜಾಗಾ ಹೊಡದು ರವಿವಾರ ಗೆದ್ದವರು. ಕ್ವಾಲಿಫೈಯಿಂಗ್‌ನಾಗ ಗೋಡಿಗೆ ಟೈರ್ ಸವರೂ ಹಂಗ ಕಾರು ತಿರುಗಿಸ್ತಾರಲ್ಲ, ಟಿವಿಯೊಳಗ ಅದರ ಅರ್ಧಾನೂ ಕಾಣೂದಿಲ್ಲ.

ರವಿವಾರ ರಾತ್ರಿ ಫ್ಲೈಟ್ ಬ್ಯಾಡೇ ಬ್ಯಾಡ. ಹಿಂದಿನ ವರ್ಷಗಳಾಗ ರೇಸ್ ಸುರು ಆಗೂದ ಅಲ್ಲಿಯ ರಾತ್ರಿ 8ಕ್ಕ, ನಮ್ಮ ಟೈಮ್ ಸಂಜಿ 5:30. ನಿಯಮದಾಗ ಎರಡು ತಾಸಿನ ತನಕ ಓಡಬಹುದು, ನಡುವ ಅಪಘಾತ ಆದ್ರ ಎಲ್ಲಾ ಕಾರು ಸಾವಕಾಶ ಹೋಗೂ ಹಂಗ ಮುಂದ ಓಡೂ ಸೇಫ್ಟಿ ಕಾರ್ ಬರೂದು ಅಲ್ಲಿ ಮಾಮೂಲಿ. ಮಳೀ ಬಂದ್ರಂತೂ ಕೇಳೂದ ಬ್ಯಾಡ, 2022ರಾಗ ಮಳೀ ಸಲುವಾಗಿ ಸುರು ಆಗೂದ ತಾಸಿನ ಮ್ಯಾಲೆ ತಡ ಆಗಿತ್ತು. ಸೋಮವಾರ ಒಂದ ದಿನ ರಜಾ ಹಾಕು, ಮಧ್ಯಾಹ್ನದ ಫ್ಲೈಟಿಗೆ ಬಾ. ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ನಾಕೂವರೆ ತಾಸಿನ ದಾರಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಐತಿ, ಆದ್ರ ಹೋಗೂ ಮುಂದ ಅದೇ ದಿನದ ಕನೆಕ್ಷನ್ ನಂಬಿ ಕುಂದ್ರಬ್ಯಾಡ, ಹಿಂದಿನ ದಿನ ರಾತ್ರಿ ಟ್ರೇನಿಗೆ ಹೋಗಿ ಬೆಂಗಳೂರಾಗ ಇರು. ಅಪ್ಪಾರಿಗೆ ಕಾಲು ಚಾಚಿ ಮಲಗಾಕ ಟ್ರೇನೇ ಚಲೋ.

ಗುರುವಾರ ಮುಂಜಾನೆನ ಸಿಂಗಾಪುರ ಮುಟ್ರಿ. ಫೌಂಡ್ರಿಯೊಳಗ ದುಡದ ಅಪ್ಪಾರಿಗೆ ಸೆಕಿ ಹೊಸಾದಲ್ಲ, ಆದ್ರ ಇದು ಬ್ಯಾರೆ ನಮೂನಿ, ರಾತ್ರಿನೂ ಬೆವರು ಆರೂದಿಲ್ಲ. ಕಳೆದ ವರ್ಷ ಅಲ್ಲಿ ರೇಸಿನ ನಿಯಮ ಮಾಡೂ ಸಂಸ್ಥೆ ಎಫ್‌ಐಎ ಅಧಿಕೃತವಾಗಿ ಹೀಟ್ ಹಝಾರ್ಡ್ (ಸೆಕಿಯ ಅಪಾಯ) ಅಂತ ಘೋಷಣೆ ಮಾಡಿ ಡ್ರೈವರ್‌ಗಳಿಗೆ ಮೈ ತಂಪು ಮಾಡೂ ಜಾಕೀಟಿನ ವ್ಯವಸ್ಥಾ ಕಾರಿನಾಗ ಹಾಕಿಸಿತ್ತು. ಒಂದು ದಿನ ಮೈಗೆ ಹವಾ ರೂಢಿ ಆಗ್ಲಿ. ಕಾಟನ್ ಅರಿವಿ, ಓಆರ್‌ಎಸ್ ಪಾಕೀಟು, ಖಾಲಿ ನೀರಿನ ಬಾಟ್ಲಿ, ಮತ್ತ ತೆಳುವಾದ ರೇನ್‌ಕೋಟ್ ಇರ್ಲಿ, ಭಾಳ ಸ್ಟ್ಯಾಂಡ್‌ಗಳಿಗೆ ಮ್ಯಾಲೆ ಚಪ್ಪರ ಇರೂದಿಲ್ಲ, ಛತ್ರಿ ಬಿಚ್ಚಿದ್ರ ಹಿಂದಿನವರಿಗೆ ಅಡ್ಡ ಆಗ್ತೈತಿ.

ಪ್ರಶ್ನೆ (ಬಾಗಲಕೋಟೆ):
ಅಕ್ಕಾರ, ನಾವೂ ಇಬ್ರು ಗೆಳ್ಯಾರು ಹೊಂಟೀವಿ. ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡ ಕರದಂಟು ಒಯ್ಬಹುದೇನ್ರಿ? ಶುದ್ಧ ಸಸ್ಯಾಹಾರಿ ನಾವು. ನಮ್ಮ ದೋಸ್ತಗ ಗುಟ್ಕಾ ಚಟಾ ಐತಿ.

ಉತ್ತರ:
ತಮ್ಮಾ, ಗುಟ್ಕಾದ ಮಾತು ಮೊದಲ ಹೇಳಿಬಿಡ್ತೀನಿ, ಸಿಂಗಾಪುರದಾಗ ಜಗಿಯೂ ತಂಬಾಕಿಗೆ ಬಂದಿ ಐತಿ, ಒಂದು ಪಾಕೀಟೂ ಬ್ಯಾಗಿನಾಗ ಇರಬಾರ್ದು. ವೇಪ್ ಅಂದ್ರ ಇ-ಸಿಗರೇಟಿಗೂ ಹಂಗ, ಚ್ಯೂಯಿಂಗ್ ಗಮ್ ಸೈತ ಬಿಟ್ಟ ಹೋಗ್ರಿ. ದೋಸ್ತಗ ಈಗಿಂದ ಬಿಡಿಸಾಕ ಸುರು ಮಾಡು, ಅಲ್ಲಿ ಹೋಗಿ ಒದ್ದಾಡೂದು ಬ್ಯಾಡ.

ರೊಟ್ಟಿ, ಚಟ್ನಿ ಒಯ್ರಿ, ಗಟ್ಟಿ ಪ್ಯಾಕ್ ಮಾಡಿ ಚೆಕ್-ಇನ್ ಬ್ಯಾಗಿಗೆ ಹಾಕ್ರಿ. ಕರದಂಟು, ಅಂಟಿನ ಉಂಡಿ ಒಯ್ಯೂ ಮುಂದ ಗಸಗಸೆ ಹಾಕ್ಯಾರೇನಂತ ಅಂಗಡ್ಯಾಗ ಕೇಳ್ರಿ. ಸಿಂಗಾಪುರದಾಗ ಗಸಗಸೆ ನಿಷೇಧ, ಅಫೀಮಿನ ಗಿಡದ ಬೀಜ ಅದು. ನಮಗ ಮನಿ ಮಸಾಲಿ ಡಬ್ಬಿಯೊಳಗಿನ ಸಾದಾ ಸಾಮಾನು, ಅಲ್ಲಿ ಕಸ್ಟಮ್ಸ್‌ದವರಿಗೆ ಹಂಗಲ್ಲ. ನಿದ್ದಿ ಗುಳಿಗಿ, ಕೋಡೀನ್ ಇರೂ ಕೆಮ್ಮಿನ ಔಷಧ, ಟ್ರಾಮಡಾಲ್ ನೋವಿನ ಗುಳಿಗಿ ಯಾರಾದ್ರೂ ತಗೊಳಾಕತ್ತಿದ್ರ ಮೊದಲ ನನಗ ಹೇಳ್ರಿ, ಅವಕ್ಕ ಮುಂಚೇನ ಪರ್ಮಿಷನ್ ಬೇಕಾಗ್ತೈತಿ. ಉದ್ಯಮಬಾಗದ ತಮ್ಮಾ, ಅಪ್ಪಾರ ಮೊಣಕಾಲಿನ ಗುಳಿಗಿ ಚೀಟಿ ನೀನೂ ಒಮ್ಮೆ ಕಳಿಸು.

ಊಟದ ಚಿಂತಿ ಬ್ಯಾಡ. ಲಿಟಲ್ ಇಂಡಿಯಾದ ಸೆರಂಗೂನ್ ರೋಡಿನಾಗ ಕೋಮಲ ವಿಲಾಸ್ 1947ರಿಂದ ಐತಿ, ಇಡ್ಲಿ, ದ್ವಾಸಿ, ಅನ್ನ ಸಾರು ಸಿಗ್ತೈತಿ. ರೇಸ್ ನಡೆಯೂ ಜಾಗಾದೊಳಗ ಸಸ್ಯಾಹಾರ ಕಡಿಮಿ, ತುಟ್ಟೀನೂ ಐತಿ. 4 ಗಂಟೆ ಸುಮಾರು ಹೊಟ್ಟಿ ತುಂಬ ಉಂಡು ಒಳಗ ಹೋಗ್ರಿ. ಹೊರಗಿನ ತಿನಿಸು ಗೇಟಿನಾಗ ತಡೀತಾರ, ರೊಟ್ಟಿ ರೂಮಿನಾಗ ಇರ್ಲಿ.

ಪ್ರಶ್ನೆ (ಬೆಳಗಾವಿ, ವಡಗಾವಿ):
ಅಕ್ಟೋಬರ್ 10ಕ್ಕ ಮಹಾಲಯ ಅಮಾಸಿ, 11ಕ್ಕ ಘಟಸ್ಥಾಪನಾ ಬರ್ತೈತ್ರಿ. ಮನ್ಯಾಗ ಅತ್ತಿಯವರು ಬಿಲ್ಕುಲ್ ಒಪ್ಪಂಗಿಲ್ಲ. ಬ್ಯಾರೆ ಯಾವ್ದರ ನೀರಿನ ದಂಡಿ ರೇಸ್ ಐತೇನ್ರಿ? ನಮ್ಮ ಮನ್ಯಾವರಿಗೆ ಒಮ್ಮೆರ ತೋರಿಸ್ಬೇಕಂತ ಆಸೆ.

ಉತ್ತರ:
ತಂಗೀ, ಅತ್ತಿಯವರ ಮಾತು ಬರೊಬ್ಬರಿ ಐತಿ, ಹಿರ್ಯಾರ ಪಿತೃಪಕ್ಷ, ದೇವರ ಘಟ್ಟ ಬಿಟ್ಟು ಹೋಗಿ ಅಲ್ಲಿ ಮನಸ್ಸಿಗೆ ಸಮಾಧಾನ ಇರೂದಿಲ್ಲ. ನಿಮಗ ಅಬುಧಾಬಿ ಯಾಸ್ ಮರೀನಾ ಹೊಂದ್ತೈತಿ. ಸೀಸನ್ನಿನ ಕಡೇ ರೇಸ್, ಡಿಸೆಂಬರ್ ಮೊದಲ ವಾರ, ದೀಪಾವಳಿ ಎಲ್ಲಾ ಮುಗಿದಿರ್ತೈತಿ. 2009ರಿಂದ ನಡೀತೈತಿ, 5.281 ಕಿಲೋಮೀಟರ್, 58 ಸುತ್ತು. ಹೊತ್ತು ಮುಳುಗೂ ಮುಂದ ಸುರು ಆಗಿ ಲೈಟಿನಾಗ ಮುಗೀತೈತಿ, ಟ್ರ್ಯಾಕಿನ ಮಗ್ಗಲಕ್ಕ ಬಂದರದಾಗ ದೊಡ್ಡ ದೊಡ್ಡ ಹಡಗ ನಿಂತಿರ್ತಾವ. ರೇಸ್ ಸಲುವಾಗಿನ ಕಟ್ಟಿದ ಟ್ರ್ಯಾಕ್ ಅದು, ಹಂಗಾಗಿ ಓಡಾಡಾಕ ಸಿಂಗಾಪುರಕ್ಕಿಂತ ಸಲೀಸು, ಹವಾನೂ ಆಗ ತಂಪಿರ್ತೈತಿ. ನನ್ನ ಕೇಳಿದ್ರ ವಯಸ್ಸಾದವರನ್ನ ಕರ್ಕೊಂಡ ಹೋಗೂದಕ್ಕ ಅದ ಚಲೋ, ನೋಟದಾಗ ಮಾತ್ರ ಮರೀನಾ ಬೇ ರಾತ್ರಿಗೆ ಯಾವ್ದೂ ಸಾಟಿ ಇಲ್ಲ. ಗಸಗಸೆ ವಿಷಯದಾಗ ಯುಎಇದವರು ಇನ್ನೂ ಬಿಗಿ, ಅದನ್ನ ಮರೀಬ್ಯಾಡ.

ಪ್ರಶ್ನೆ (ವಿಜಯಪುರ):
ಮೇಡಂ, ಮಗಳಿಗೆ 9 ವರ್ಷ, ಕಿವಿಗೆ ತ್ರಾಸ ಆಗ್ತೈತೇನ್ರಿ? ಮತ್ತ ಆನ್‌ಲೈನ್‌ದಾಗ ಒಬ್ಬರು ಅರ್ಧ ರೇಟಿಗೆ ಟಿಕೆಟ್ ಕೊಡ್ತೀನಿ ಅನ್ನಾಕತ್ತಾರ, ತಗೋಬಹುದೇನ್ರಿ?

ಉತ್ತರ:
ಸರ್, ಬ್ಯಾಡ್ರಿ. ರೇಸ್ ನಡೆಸೂವ್ರ ಅಧಿಕೃತ ಸೈಟು, ಇಲ್ಲಾ ಅವರು ಹೆಸರು ಹಾಕಿರೂ ಅಧಿಕೃತ ಮಾರಾಟಗಾರರು, ಎರಡ ಕಡೆ ಅಷ್ಟ ತಗೋರಿ. ಕಾರ್ಡಿನ ಇಂಟರ್‌ನ್ಯಾಷನಲ್ ಆನ್‌ಲೈನ್ ಪೇಮೆಂಟ್ ಬ್ಯಾಂಕ್ ಆ್ಯಪಿನಾಗ ಆನ್ ಮಾಡ್ಕೊಂಡು, ಲಿಮಿಟ್ ಹೆಚ್ಚಿಸಿ ಕುಂದ್ರಿ, ಇಲ್ಲಾಂದ್ರ ಸೀಟ್ ಆರಿಸಿದ ಮ್ಯಾಲೆ ಪೇಮೆಂಟ್ ಫೇಲ್ ಆಗಿ ಸೀಟ್ ಕೈ ಬಿಡ್ತಾವ. ಯಾರ ಕಡೆನಾರ ಪೂರಾ ಪ್ಯಾಕೇಜ್ ತಗೊಂಡ್ರ ಟಿಸಿಎಸ್ (ಮಾರೂವ್ರು ಮುಂಚೇನ ವಸೂಲಿ ಮಾಡೂ ತೆರಿಗೆ) ಹಿಡೀತಾರ, ಪಾನ್ ನಂಬರ್ ಸರಿ ಕೊಡ್ರಿ, ರಿಟರ್ನ್ ತುಂಬೂ ಮುಂದ ಅದು ನಿಮ್ಮ ಲೆಕ್ಕಕ್ಕ ವಾಪಸ್ ಬರ್ತೈತಿ.

ಮಗಳಿಗೆ ಕಿವಿ ಮ್ಯಾಲೆ ಪೂರಾ ಕೂಡೂ ದೊಡ್ಡ ಇಯರ್‌ಮಫ್ ತಗೋರಿ, ಹತ್ತಿ ಇಟ್ರ ಆಗೂದಿಲ್ಲ. ಈಗಿನ 1.6 ಲೀಟರ್ ಟರ್ಬೊ ಹೈಬ್ರಿಡ್ ಎಂಜಿನ್ ಹಳೇ ಎಂಟು ಸಿಲಿಂಡರಿನ ವಿ8 ಎಂಜಿನ್ನಿನಷ್ಟು ಕೂಗೂದಿಲ್ಲ, ಆದ್ರೂ ಎರಡೂ ಕಡೆ ಕಟ್ಟಡ ಇರೂದ್ರಿಂದ ಸಪ್ಪಳ ಅಲ್ಲೇ ತಿರಗತೈತಿ, ಈ ವರ್ಷ 22 ಕಾರು ಬ್ಯಾರೆ. ಹೋಗೂ ಮೊದಲ ಮನ್ಯಾಗ ಒಂದೆರಡು ದಿನ ಟಿವಿ ಮುಂದ ಹಾಕಿ ಕುಂದ್ರಿಸ್ರಿ, ಅಲ್ಲಿ ಸೆಕ್ಯಾಗ ಕಿತ್ತಿ ಒಗೀಬಾರ್ದು. ಕೈಗೆ ನಿಮ್ಮ ಫೋನ್ ನಂಬರಿನ ಪಟ್ಟಿ ಕಟ್ರಿ. ಗೇಟ್ ನಂಬರು, ಸ್ಟೇಷನ್ ಹೆಸರು ಅದರ ಹಿಂದ ಬರೀರಿ.

ಉದ್ಯಮಬಾಗದ ಸದಸ್ಯ:
ಅಕ್ಕಾರ, ಅಪ್ಪಾರ ಆಧಾರದಾಗ ಅಡ್ಡಹೆಸರು ಇಲ್ಲ, ಶಾಲಿ ದಾಖಲೆಯಾಗ ಐತಿ, ನೀವು ಹೇಳಿದಂಗ ಆತು. ಏನ್ ಮಾಡ್ಲಿ?

ಉತ್ತರ:
ನಾಳೆ ಮುಂಜಾನೆನ ಆಧಾರ್ ಕೇಂದ್ರಕ್ಕ ಕರ್ಕೊಂಡ ಹೋಗಿ ತಿದ್ದಿಸು, ಶಾಲಿ ದಾಖಲೆ ಒರಿಜಿನಲ್ ಒಯ್ಯಿ. ಪಾನ್‌ನಾಗ ಹೆಂಗೈತಿ ಅದನ್ನೂ ನೋಡು. ಹೊಸಾ ಆಧಾರ್ ಬಂದ ಮ್ಯಾಲೆ ಪಾಸ್‌ಪೋರ್ಟ್ ಅರ್ಜಿ, ಫೋಟೋ ನನಗ ಕಳಿಸು, ಸಬ್ಮಿಟ್ ಮಾಡೂ ಮೊದಲ ನಾ ಒಮ್ಮೆ ನೋಡ್ತೀನಿ.