ಕ್ರಿಟಿಕಲ್ ವ್ಯಾಲ್ಯೂ ತಡವಾಗಿ ತಿಳಿಸಿದರೆ ಲ್ಯಾಬ್ ಹೊಣೆಯೇ? ಬಲ್ಲವರು ಹೇಳಿ

ಪ್ರಶ್ನೆ: ರೋಗಿಯ ರಕ್ತದ ಪೊಟ್ಯಾಸಿಯಂ 7.1, ಅಂದರೆ ಜೀವಕ್ಕೆ ಅಪಾಯ ಅಂತ ಕೂಡಲೇ ತಿಳಿಸಬೇಕಾದ ಅಂಕಿ (ಕ್ರಿಟಿಕಲ್ ವ್ಯಾಲ್ಯೂ). ಮೆಷಿನ್‌ನಲ್ಲಿ ಬಂದಿದ್ದು ರಾತ್ರಿ 9:12ಕ್ಕೆ, ವಾರ್ಡಿಗೆ ಫೋನ್ ಹೋಗಿದ್ದು 11:40ಕ್ಕೆ. ನಡುವೆ ಅದೇ ಟೆಸ್ಟ್ ರಿಪೀಟ್ ಮಾಡಿದ್ದಾರೆ. ಈಗ ಲ್ಯಾಬಿಗೆ ವಕೀಲರ ನೋಟಿಸ್. ಯಾವ ದಾಖಲೆ ಕೈಹಿಡಿಯುತ್ತೆ?

ರಾತ್ರಿಪಾಳಿ: ಮೊದಲು ಗಡಿಯಾರ ನೋಡಿ. ಅನಲೈಸರ್ (ಟೆಸ್ಟ್ ಮಾಡೋ ಮೆಷಿನ್), ಸಾಫ್ಟ್‌ವೇರ್, ಗೋಡೆ ಗಡಿಯಾರ ಮೂರೂ ಒಂದೇ ಸಮಯ ತೋರಿಸೋದು ಅಪರೂಪ. ಫೋನ್ ಮಾಡಿದ ಸಮಯ ರಿಜಿಸ್ಟರಿಗೆ ಬರೆಯೋದು ಗೋಡೆ ಗಡಿಯಾರ ನೋಡಿಕೊಂಡು. ಗೋಡೆ ಗಡಿಯಾರ ಆರು ನಿಮಿಷ ಹಿಂದಿದ್ದರೆ ರಿಸಲ್ಟ್ ಬರೋ ಮೊದಲೇ ಫೋನ್ ಮಾಡಿದ ಹಾಗೆ ಕಾಣುತ್ತೆ, ಆಮೇಲೆ ಇಡೀ ರಿಜಿಸ್ಟರನ್ನೇ ಯಾರೂ ನಂಬಲ್ಲ. ನಮ್ಮಲ್ಲಿ ಮೂರನ್ನೂ ಒಂದೇ ಸರ್ವರ್ ಸಮಯಕ್ಕೆ ಕಟ್ಟಿದ್ದೇವೆ. ವೈದ್ಯಕೀಯ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15189ರ 2022ರ ಆವೃತ್ತಿ ತಾರೀಖು, ಸಮಯ, ಹೇಳಿದವರು, ಕೇಳಿಸಿಕೊಂಡವರು, ಹೇಳಿದ ಅಂಕಿ, ಅದು ಸರಿಯಾಗಿ ತಲುಪಿದ ಖಾತ್ರಿ ಇಷ್ಟನ್ನೂ ಕೇಳುತ್ತೆ. ಜೊತೆಗೆ ತಿಳಿಸೋದರಲ್ಲಿ ಆದ ತೊಡಕನ್ನೂ ಕೇಳುತ್ತೆ. ಎಲ್ಲರೂ ಬಿಡೋದು ಅದನ್ನೇ. ‘9:20 ಎಂಗೇಜ್, 9:24 ಎತ್ತಲಿಲ್ಲ, 9:28 ಡ್ಯೂಟಿ ಡಾಕ್ಟರಿಗೆ’ ಅನ್ನೋ ಒಂದು ಸಾಲಿಗೆ ಎಷ್ಟು ಬೆಲೆ ಗೊತ್ತಾ!

ಸೀರಂ: ರಿಪೀಟ್ ಮಾಡಿದ್ದು ತಪ್ಪು ಅಂತ ಯಾರೂ ಹೇಳಬೇಡಿ. ನಮ್ಮಲ್ಲಿ 6.5 ದಾಟಿದರೆ ಹಿಮೋಲಿಸಿಸ್ ಇಂಡೆಕ್ಸ್ (ಸ್ಯಾಂಪಲ್‌ನಲ್ಲಿ ರಕ್ತಕಣ ಎಷ್ಟು ಒಡೆದಿವೆ ಅನ್ನೋ ಅಂಕಿ), ಕ್ಯಾಲ್ಸಿಯಂ, ಎಎಲ್‌ಪಿ (ರಕ್ತದಲ್ಲಿರೋ ಒಂದು ಕಿಣ್ವ) ನೋಡದೆ ಬಿಡಲ್ಲ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಇರೋ ಟ್ಯೂಬಿನ ರಕ್ತ ಸೀರಂ ಟ್ಯೂಬಿಗೆ ಸೇರಿದ್ದರೆ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ, ಎಎಲ್‌ಪಿ ಎರಡೂ ಕುಸಿದಿರುತ್ತವೆ. ಸುಳ್ಳು ಅಂಕಿ ನಂಬಿ ಪೊಟ್ಯಾಸಿಯಂ ಇಳಿಸೋಕೆ ಇನ್ಸುಲಿನ್ ಕೊಟ್ಟು ಸಕ್ಕರೆ ಕುಸಿದರೆ ಆಗ ಯಾರ ಹೊಣೆ?

ರಾತ್ರಿಪಾಳಿ: ಇಂಡೆಕ್ಸ್ ನೋಡೋಕೆ ಎರಡು ನಿಮಿಷ ಸಾಕು, ಎರಡೂವರೆ ಗಂಟೆ ಯಾಕೆ? ಅದೇ ಟ್ಯೂಬನ್ನು ಹತ್ತು ಸಲ ಓಡಿಸಿದರೂ ಅದೇ ಸುಳ್ಳು ಬರುತ್ತೆ. ಬೇಕಿರೋದು ಹೊಸ ಸ್ಯಾಂಪಲ್, ಅದನ್ನು ಕೇಳೋಕಾದರೂ ಫೋನ್ ಮಾಡಲೇಬೇಕಲ್ಲ! ‘7.1 ಇದೆ, ಸ್ಯಾಂಪಲ್ ಮೇಲೆ ಅನುಮಾನ, ಇಸಿಜಿ ನೋಡಿ, ಮತ್ತೆ ರಕ್ತ ಕಳಿಸಿ’ ಅಂದರೆ ಮುಗೀತು.

ಸೀರಂ: ಅನುಮಾನದ ರಿಪೋರ್ಟ್ ಕೊಟ್ಟು ಬೈಸಿಕೊಂಡವರಿಗೇ ಗೊತ್ತು ಆ ಕಷ್ಟ.

ಕಾಗದಪತ್ರ: ಜಗಳ ಬಿಟ್ಟು ಹೊಣೆಯ ಮಾತಿಗೆ ಬನ್ನಿ. ತಡವಾಯಿತು ಅನ್ನೋದು ಬೇರೆ, ತಡದಿಂದಲೇ ಹಾನಿಯಾಯಿತು ಅನ್ನೋದು ಬೇರೆ. ಆ ಹೊತ್ತಿನ ಇಸಿಜಿ, ಕ್ಯಾಲ್ಸಿಯಂ ಗ್ಲುಕೋನೇಟ್ (ಹೃದಯ ಕಾಪಾಡೋ ಔಷಧಿ) ಕೊಟ್ಟ ಸಮಯ, ಕೇಸ್ ಶೀಟ್ ಎಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಎಸ್‌ಒಪಿ (ಲ್ಯಾಬಿನ ಲಿಖಿತ ಕಾರ್ಯವಿಧಾನ) ಮೊದಲು ತೆಗೆಯಿರಿ. 15 ನಿಮಿಷದೊಳಗೆ ತಿಳಿಸಬೇಕು ಅಂತ ಬರೆದು 148 ನಿಮಿಷ ಮಾಡಿದ್ದರೆ ಎದುರಿನವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ರಿಜಿಸ್ಟರಿಗೆ ಈಗ ಒಂದಕ್ಷರವೂ ಸೇರಿಸಬೇಡಿ, ಆಡಿಟ್ ಟ್ರೇಲ್‌ನಲ್ಲಿ (ಯಾರು ಯಾವಾಗ ಏನು ತಿದ್ದಿದರು ಅನ್ನೋ ದಾಖಲೆ) ಸಿಕ್ಕಿಬೀಳುತ್ತೆ. ಅನಲೈಸರ್‌ನ ಮೂಲ ಡೇಟಾ ಅಳಿಸಿಹೋಗೋ ಮುಂಚೆ ಕಾಪಿ ತೆಗೆದಿಡಿ.

ಡಿಜಿಟಲ್: ಫೋನೇ ಯಾಕೆ? ನಾವು ಮೆಸೇಜ್ ಹಾಕ್ತೀವಿ. ಸಮಯ ತಾನಾಗಿ ದಾಖಲಾಗುತ್ತೆ.

ರಾತ್ರಿಪಾಳಿ: ತಲುಪಿದ್ದು ಫೋನಿಗೆ, ಡಾಕ್ಟರಿಗಲ್ಲ. ಉತ್ತರ ಬರದಿದ್ದರೆ ಎಷ್ಟು ನಿಮಿಷಕ್ಕೆ ಮುಂದಿನವರಿಗೆ ಹೇಳ್ತೀರಿ, ಬರೆದಿಟ್ಟಿದ್ದೀರಾ?

ಡಿಜಿಟಲ್: ಹತ್ತು ನಿಮಿಷ. ನೀವು ಫೋನಲ್ಲಿ ಹೇಳಿದ 7.1 ಅವರಿಗೆ 4.1 ಅಂತ ಕೇಳಿಸಿದ್ದರೆ?

ರಾತ್ರಿಪಾಳಿ: ಅದಕ್ಕೇ ಅವರ ಬಾಯಲ್ಲಿ ಹೆಸರು, ಐಡಿ, ಅಂಕಿ ಮತ್ತೆ ಹೇಳಿಸೋದು. ‘ಹೂಂ, ಆಯ್ತು’ ಅಂದರೆ ನಾವು ಫೋನ್ ಇಡಲ್ಲ.